ಬೇಸಿಕ್ಸ್ ವೀಕ್ ಅಂದರೆ ಎಲ್ಲಿ?

ಮೊನ್ನೆ ಮೇಲ್ಮನೆಯವರು ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದರು. "ನಿಮ್ಮ ಮಗಳಿಗೆ ಕ್ಯಾಲ್ಕುಲಸ್ ಹೇಳಿಕೊಟ್ಟರಲ್ಲ, ಅವರ ನಂಬರ್ ಕೊಡ್ತೀರಾ? ನಮ್ಮ ಹುಡುಗ ಸೆಕೆಂಡ್ ಪಿಯು. ಡಿಫರೆನ್ಸಿಯೇಷನ್ ಶುರುವಾದಾಗಿನಿಂದ ಮಂಕಾಗಿಬಿಟ್ಟಿದ್ದಾನೆ." ನಂಬರ್ ನನ್ನ ಹತ್ತಿರ ಇದೆ. ಆದರೆ ಆ ಹುಡುಗಿ ಎಂ.ಎಸ್ಸಿ. ಮುಗಿಸಿ ಊರಿಗೆ ಹೋಗಿ ಆಯಿತು. ಹಾಗೆ ಹೇಳಿದೆ. "ಅವರು ಅಷ್ಟು ಚೆನ್ನಾಗಿ ಹೇಳಿಕೊಡ್ತಿದ್ದರಾ?" ಅಂತ ಕೇಳಿದರು. ಹೂಂ ಅಂದೆ. ಒಳಗೆ ಬಂದು ಅನ್ನಕ್ಕಿಟ್ಟ ಮೇಲೂ ಆ ಪ್ರಶ್ನೆ ತಲೆಯಲ್ಲೇ ಇತ್ತು. ಯಾಕೆಂದರೆ ಅವಳಿಗಿಂತ ಮೊದಲು ನನ್ನ ಮಗಳಿಗೆ ಪಾಠ ಮಾಡಿದ ಇಬ್ಬರೂ ಚೆನ್ನಾಗಿಯೇ ಹೇಳಿಕೊಡುತ್ತಿದ್ದರು. ನಿಜ ಹೇಳಬೇಕೆಂದರೆ ಅವಳಿಗಿಂತ ಚೆನ್ನಾಗಿ. ಹಾಗಾದರೆ ಇವಳು ಮಾಡಿದ್ದು ಏನು? ಅದನ್ನು ಮೆಟ್ಟಿಲ ಹತ್ತಿರ ನಿಂತು ಎರಡು ಮಾತಿನಲ್ಲಿ ಹೇಳಲು ಆಗಲಿಲ್ಲ. ಇಲ್ಲಿ ಕೂತು ಬರೆದು ನೋಡುತ್ತೇನೆ.

ಮಗಳು ಹತ್ತನೇ ಕ್ಲಾಸಿನವರೆಗೆ ಓದಿದ್ದು ನಮ್ಮ ಬೀದಿಯ ಕೊನೆಯಲ್ಲಿರುವ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 91 ಬಂತು. ಲೆಕ್ಕ ಅಂದರೆ ಅವಳಿಗೆ ಆಟ. ಅದಕ್ಕೇ ಸೈನ್ಸ್ ತೆಗೆದುಕೊಂಡಳು, ನಾವೂ ಖುಷಿಯಿಂದಲೇ ಸೇರಿಸಿದೆವು. ಫಸ್ಟ್ ಪಿಯುನಲ್ಲಿ ಎಲ್ಲವೂ ಇಂಗ್ಲಿಷ್ ಆಯಿತು. ಅದರ ಕಷ್ಟ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಗೊತ್ತು, ನಾನು ಬಿಡಿಸಿ ಹೇಳಬೇಕಿಲ್ಲ. ಹೇಗೋ ಏಗಿದಳು. ವರ್ಷದ ಕೊನೆಗೆ ಲಿಮಿಟ್ಸ್ ಬಂತು, ಪೋರ್ಷನ್ ಮುಗಿಸುವ ಆತುರದಲ್ಲಿ ಹೋಗಿಯೂ ಬಿಟ್ಟಿತು. ಫೈನಲ್ ಪರೀಕ್ಷೆಯಲ್ಲಿ 80ಕ್ಕೆ 34. "ಸೆಕೆಂಡ್ ಪಿಯುನಲ್ಲಿ ಸರಿ ಮಾಡ್ಕೋತೀನಮ್ಮ" ಅಂದಳು. ಆದರೆ ಸೆಕೆಂಡ್ ಪಿಯು ಗಣಿತದಲ್ಲಿ ಕ್ಯಾಲ್ಕುಲಸ್‌ದೇ ಒಂದರ ಹಿಂದೆ ಒಂದು ಐದು ಪಾಠ ಇವೆ. ಒಂದರಲ್ಲಿ ಕಾಲು ಜಾರಿದರೆ ಉಳಿದ ನಾಲ್ಕರಲ್ಲೂ ನಿಲ್ಲಲು ಜಾಗ ಸಿಗುವುದಿಲ್ಲ.

ತಾರಸಿಯ ಮೇಲಿನ ಕ್ಲಾಸು

ಮೈಸೂರಿನಲ್ಲಿ ಟ್ಯೂಷನ್ ಹುಡುಕುವುದು ಕಷ್ಟ ಅಲ್ಲ. ಬೆಳಗ್ಗೆ ಐದೂವರೆಗೆ ಸರಸ್ವತಿಪುರಂ, ಕುವೆಂಪುನಗರದ ಯಾವ ಬೀದಿಗೆ ಹೋದರೂ ಬ್ಯಾಗ್ ಹಾಕಿಕೊಂಡು ಹೊರಟ ಮಕ್ಕಳು ಕಾಣುತ್ತಾರೆ. ನಾನು ಲ್ಯಾಬ್ ಟೆಕ್ನಿಷಿಯನ್. ಆರೂವರೆಗೆ ಡ್ಯೂಟಿ. ಹಾಗಾಗಿ ದಿನಾ ಆ ಮಕ್ಕಳ ಜೊತೆಗೇ ನಾನೂ ರಸ್ತೆಯಲ್ಲಿರುತ್ತೇನೆ. ನಾಲ್ಕೈದು ಜನರನ್ನು ವಿಚಾರಿಸಿದೆವು. ಎಲ್ಲರೂ ಒಬ್ಬರದೇ ಹೆಸರು ಹೇಳಿದರು. ಜೂನ್‌ನಲ್ಲಿ ಅಲ್ಲಿಗೇ ಸೇರಿಸಿದೆವು. ವರ್ಷಕ್ಕೆ 28 ಸಾವಿರ, ಎರಡು ಕಂತು.

ಡೆಮೊ ಕ್ಲಾಸಿಗೆ ನಾನೂ ಹೋಗಿ ಹಿಂದೆ ಕೂತಿದ್ದೆ. ತಾರಸಿಯ ಮೇಲೆ ಶೀಟು ಹಾಕಿದ ಉದ್ದ ಕೋಣೆ. ಮೆಟ್ಟಿಲ ಮೇಲೆಲ್ಲ ಚಪ್ಪಲಿ. ಒಳಗೆ 40 ಮಕ್ಕಳು. ಸರ್ ಬೋರ್ಡಿನ ಮೇಲೆ ಬರೆಯುವುದನ್ನು ನೋಡುವುದೇ ಒಂದು ಚಂದ. ಅಕ್ಷರ ಮುತ್ತಿನ ಹಾಗೆ. ಒಂದು ಲೆಕ್ಕ ಎಲ್ಲಿ ಶುರುವಾಗುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಮುಗಿಯುತ್ತದೆ ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಇಪ್ಪತ್ತೈದು ವರ್ಷದ ಹಿಂದೆ ನಾನು ಬಿಟ್ಟು ಬಂದ ಲೆಕ್ಕ ಆವತ್ತು ನನಗೂ ಅರ್ಥವಾದಂತೆ ಅನಿಸಿತು. ಅನಿಸಿತು ಅಷ್ಟೇ. ಮನೆಗೆ ಬಂದು ಅದೇ ಲೆಕ್ಕವನ್ನು ಹಾಳೆಯ ಮೇಲೆ ಹಾಕಲು ಕೂತೆ, ಎರಡನೇ ಸಾಲಿಗೆ ಪೆನ್ನು ನಿಂತಿತು. ಆ ಹೊತ್ತಿಗೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಬೇರೆಯವರು ಮಾಡುವುದನ್ನು ನೋಡಿದಾಗ ಅರ್ಥವಾಗುವುದು ಬೇರೆ, ನಮ್ಮ ಕೈಯಿಂದ ಬರುವುದು ಬೇರೆ. ರಕ್ತ ತೆಗೆಯುವುದನ್ನು ಕಲಿಯುವಾಗ ನನಗೆ ಅದು ಗೊತ್ತಾಗಿತ್ತು. ಸೀನಿಯರ್ ಸಿಸ್ಟರ್ ಐವತ್ತು ಸಲ ಮಾಡಿ ತೋರಿಸಿದರೂ ನನ್ನ ಕೈ ನಡುಗಿದ್ದು ನಡುಗಿದ್ದೇ. ಅವರು ನನ್ನ ಮಣಿಕಟ್ಟು ಹಿಡಿದು, ಸೂಜಿಯ ಓರೆ ತಿದ್ದಿದ ದಿನವೇ ಕೈ ಕೂತದ್ದು.

ನಾಲ್ಕು ತಿಂಗಳು ಬೆಳಗ್ಗೆ ಐದಕ್ಕೆ ಎದ್ದಳು. ಒಂದು ದಿನ ತಪ್ಪಿಸಲಿಲ್ಲ. ನಾಲ್ಕು ಬಣ್ಣದ ಪೆನ್ನಿನಲ್ಲಿ ನೋಟ್ಸ್ ಬರೆದಳು. ಸೂತ್ರಕ್ಕೆ ಕೆಂಪು, ಲೆಕ್ಕಕ್ಕೆ ನೀಲಿ, ಉತ್ತರದ ಸುತ್ತ ಹಸಿರು ಚೌಕ. ಅಕ್ಟೋಬರ್‌ನ ಮಧ್ಯವಾರ್ಷಿಕ ಪರೀಕ್ಷೆಯಲ್ಲಿ 80ಕ್ಕೆ 19 ಬಂತು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಆಗುತ್ತಿತ್ತೇನೋ. ಊಟಕ್ಕೆ ಕರೆದರೆ "ಆಮೇಲೆ ಮಾಡ್ತೀನಮ್ಮ" ಅಂದು ಕೋಣೆಯ ಬಾಗಿಲು ಮುಂದೆ ಮಾಡಿಕೊಳ್ಳಲು ಶುರು ಮಾಡಿದಳು.

ಸರ್ ಹತ್ತಿರ ಹೋಗಿ ಕೇಳಿದೆ. ತುಂಬ ಸಮಾಧಾನವಾಗಿಯೇ ಮಾತಾಡಿದರು. "ಹುಡುಗಿ ಸಿನ್ಸಿಯರ್ ಮೇಡಂ. ಆದ್ರೆ ಬೇಸಿಕ್ಸ್ ವೀಕ್ ಇದೆ." ನಾನು, "ಅಂದರೆ ಯಾವುದು ಸರ್, ಎಲ್ಲಿ?" ಅಂದೆ. "ಜನರಲ್ ಆಗಿ ಬೇಸಿಕ್ಸ್" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಗಂಟೆಗೆ 40 ಮಕ್ಕಳು ಅಂದರೆ ಒಬ್ಬೊಬ್ಬರ ಪುಸ್ತಕಕ್ಕೆ ಒಂದೂವರೆ ನಿಮಿಷ. ಅದೂ ಪಾಠವನ್ನೇ ಮಾಡದಿದ್ದರೆ. ಅತ್ತ ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಒಂದಕ್ಕೆ ಒಂದು ನಿಮಿಷ ಇಪ್ಪತ್ತು ಸೆಕೆಂಡು. ಹಾಗಿರುವಾಗ ಅವರು ಶಾರ್ಟ್‌ಕಟ್ ಹೇಳಿಕೊಡದೆ ಇನ್ನೇನು ಮಾಡಬೇಕು? ನೆಲ ಗಟ್ಟಿ ಇರುವ ಮಕ್ಕಳಿಗೆ ಅದು ಬೇಕು, ಅವರಿಗೆ ಅಲ್ಲಿ ಒಳ್ಳೆಯದೂ ಆಗುತ್ತಿದೆ. ನನ್ನ ಮಗಳಿಗೆ ಬೇಕಾಗಿದ್ದದ್ದು ಅದಲ್ಲ, ಅಷ್ಟೇ.

ಆಮೇಲೆ ಕಾಲೇಜಿನ ಲೆಕ್ಚರರನ್ನೇ ಮನೆಪಾಠಕ್ಕೆ ಕೇಳು ಅಂತ ಒಬ್ಬರು ಹೇಳಿದರು. ಹಾಗೆ ಪಾಠ ಮಾಡುವಂತಿಲ್ಲ ಎಂದು ಕರ್ನಾಟಕ ಶಿಕ್ಷಣ ಕಾಯ್ದೆಯೇ ಹೇಳುತ್ತದೆ. ಅದು ಸರಿಯೂ ಹೌದು. ಕ್ಲಾಸಿನಲ್ಲಿ ಹೇಳಬೇಕಾದದ್ದನ್ನು ಮನೆಯಲ್ಲಿ ದುಡ್ಡಿಗೆ ಹೇಳುವುದು ಶುರುವಾದರೆ ದುಡ್ಡಿಲ್ಲದ ಮಗು ಎಲ್ಲಿಗೆ ಹೋಗಬೇಕು? ಆ ದಾರಿ ಬಿಟ್ಟೆವು. ನವೆಂಬರ್‌ನಲ್ಲಿ, ಒಂದು ಮಗುವಿಗೆ ಒಬ್ಬರೇ ಮೇಷ್ಟ್ರು ಫೋನಿನಲ್ಲಿ ಪಾಠ ಮಾಡುವ ಕ್ಲಾಸಿಗೆ ಸೇರಿಸಿದೆವು. ಬೇರೆ ಊರಿನಲ್ಲಿ ಕೂತ ಮೇಷ್ಟ್ರು. ಒಳ್ಳೆಯವರು, ತಾಳ್ಮೆ ಜಾಸ್ತಿ. ಹತ್ತು ನಿಮಿಷಕ್ಕೊಮ್ಮೆ "ಅಂಡರ್‌ಸ್ಟುಡ್?" ಅಂತ ಕೇಳುತ್ತಿದ್ದರು. ಇವಳು "ಯೆಸ್ ಸರ್" ಅನ್ನುತ್ತಿದ್ದಳು. ನಾನು ಬಟ್ಟೆ ಮಡಚುತ್ತಾ ಒಂದು ದಿನ ಅದನ್ನೇ ನೋಡುತ್ತಿದ್ದೆ. ಆಗ ಒಂದು ವಿಷಯ ಕಂಡಿತು. ಫೋನಿನ ಕ್ಯಾಮೆರಾ ಅವಳ ಮುಖಕ್ಕೆ ಇತ್ತು. ಅವಳ ಕೈ ಏನು ಬರೆಯುತ್ತಿದೆ ಅನ್ನುವುದು ಆ ಕಡೆಯವರಿಗೆ ಕಾಣುತ್ತಲೇ ಇರಲಿಲ್ಲ. ಮುಖ ಹೂಂ ಅನ್ನುತ್ತಿತ್ತು. ಕೈ ನಿಂತಿತ್ತು.

ಜ್ವರ ಅಂತ ಬರೆದ ಚೀಟಿ

ನಮ್ಮ ಲ್ಯಾಬಿಗೆ ದಿನಾ ಜ್ವರದ ಚೀಟಿ ಹಿಡಿದುಕೊಂಡು ಜನ ಬರುತ್ತಾರೆ. ಮಳೆಗಾಲದಲ್ಲಂತೂ ಬಾಗಿಲವರೆಗೆ ಸಾಲು. ಜ್ವರ ಅನ್ನುವುದು ರೋಗ ಅಲ್ಲ, ರೋಗದ ಗುರುತು. ಡೆಂಗಿಯಾ, ಟೈಫಾಯ್ಡಾ, ಮಲೇರಿಯಾನಾ, ಮೂತ್ರದ ಸೋಂಕಾ ಅಂತ ನೋಡಿದ ಮೇಲೆ ತಾನೇ ಔಷಧಿ? ನಾನು ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹುಡುಕುತ್ತೇನೆ. "ಜನರಲ್ ಆಗಿ ರಕ್ತ ಸರಿ ಇಲ್ಲ" ಅಂತ ರಿಪೋರ್ಟ್ ಕೊಟ್ಟರೆ ಡಾಕ್ಟರ್ ಅದನ್ನು ಇಟ್ಟುಕೊಂಡು ಏನು ಮಾಡಬೇಕು? "ಬೇಸಿಕ್ಸ್ ವೀಕ್" ಅನ್ನುವ ಮಾತೂ ಹಾಗೇ ಅಂತ ನನಗೆ ಆಗ ಹೊಳೆಯಿತು. ಆ ವರ್ಷ ಆ ಮಾತನ್ನು ನಾನು ಕಾಲೇಜಿನಲ್ಲಿ ಕೇಳಿದೆ, ಟ್ಯೂಷನ್‌ನಲ್ಲಿ ಕೇಳಿದೆ, ನೆಂಟರ ಬಾಯಲ್ಲೂ ಕೇಳಿದೆ. ಎಲ್ಲರೂ ಅದನ್ನು ಕೊನೆಯ ಮಾತಿನ ಹಾಗೆ ಹೇಳಿದರು. ಹುಡುಕುವ ಕೆಲಸ ಶುರುವಾಗಬೇಕಾದದ್ದೇ ಅಲ್ಲಿಂದ ಅಲ್ವಾ? ಎಲ್ಲಿ ವೀಕ್? ಯಾವ ಸಾಲಿನಲ್ಲಿ? ಅದನ್ನು ನೋಡುವವರು ಒಬ್ಬರು ಸಿಕ್ಕರೆ ಸಾಕು ಅನಿಸಿತು.

ಸಿಕ್ಕಿದ್ದು ಅಚಾನಕ್ಕಾಗಿ. ನನ್ನ ಜೊತೆ ಕೆಲಸ ಮಾಡುವ ಹುಡುಗಿ ಬಾಡಿಗೆಗಿರುವ ಪಿ.ಜಿ.ಯಲ್ಲಿ ಇನ್ನೊಬ್ಬಳಿದ್ದಳು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಗಣಿತದ ಎಂ.ಎಸ್ಸಿ. ಕೊನೆಯ ವರ್ಷ. ಕೊಳ್ಳೇಗಾಲದ ಕಡೆಯ ಹಳ್ಳಿಯವಳು. ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಗಂಟೆಗೆ 300 ರೂಪಾಯಿ, ವಾರಕ್ಕೆ ಮೂರು ದಿನ. ಕ್ಲಾಸು ಮುಗಿಸಿಕೊಂಡು ಗಂಗೋತ್ರಿಯಿಂದ ನಡೆದೇ ಬರುತ್ತಿದ್ದಳು. ಮೊದಲ ದಿನ ಬಾಗಿಲಲ್ಲಿ ನಿಂತು, "ಆಂಟಿ, ನಾನು ಯಾರ್ಗೂ ಟ್ಯೂಷನ್ ಮಾಡಿಲ್ಲ, ಮೊದ್ಲೇ ಹೇಳ್ಬಿಡ್ತೀನಿ" ಅಂದಳು. ಪರೀಕ್ಷೆಗೆ ಮೂರು ತಿಂಗಳಿತ್ತು. ನನ್ನ ಯಜಮಾನರಿಗೆ ಅಷ್ಟು ನಂಬಿಕೆ ಬರಲಿಲ್ಲ. ನನಗೆ ಅವಳು ಸುಳ್ಳು ಹೇಳದೆ ಒಳಗೆ ಬಂದದ್ದು ಹಿಡಿಸಿತು.

ಮೊದಲ ಸಂಜೆ

ಆ ಸಂಜೆ ನನಗೆ ಗೆರೆ ಗೆರೆಯಾಗಿ ನೆನಪಿದೆ. ಡಿಸೆಂಬರ್. ನಾನು ಅಡುಗೆಮನೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅವರಿಬ್ಬರು ನಡುಮನೆಯಲ್ಲಿ ಚಾಪೆಯ ಮೇಲೆ. ಅವಳು ಟೆಕ್ಸ್ಟ್ ಬುಕ್ ಕೇಳಲಿಲ್ಲ. "ನಿನ್ನ ರಫ್ ಬುಕ್ ಕೊಡು" ಅಂದಳು. ಮಗಳು ನಾಲ್ಕು ಬಣ್ಣದ ನೋಟ್ಸ್ ತಂದು ಕೊಟ್ಟಳು. ಅವಳು ಅದನ್ನು ತಿರುಗಿಸಿ ನೋಡಿ, "ಚೆನ್ನಾಗಿದೆ. ಇದಲ್ಲ, ರಫ್" ಅಂದಳು. ರಫ್ ಬುಕ್ ಇರಲೇ ಇಲ್ಲ. ಇವಳು ಯಾವುದೋ ಹಾಳೆಯ ಹಿಂಬದಿಯಲ್ಲಿ ಮಾಡಿ ಹರಿದು ಎಸೆಯುತ್ತಿದ್ದಳಂತೆ, ತಪ್ಪು ಯಾರಿಗೂ ಕಾಣಬಾರದು ಅಂತ. ಅದು ನನಗೂ ಆವತ್ತೇ ಗೊತ್ತಾದದ್ದು.

"ಸರಿ, ಈಗ ಮಾಡು. ನಾನು ನೋಡ್ತಾ ಇರ್ತೀನಿ. ಮಧ್ಯೆ ಮಾತಾಡಲ್ಲ." ಒಂದು ಬೈ ಎಕ್ಸ್‌ನ ಡೆರಿವೇಟಿವನ್ನು, ಅಂದರೆ ಎಕ್ಸ್ ಬದಲಾದ ಹಾಗೆ ಅದು ಎಷ್ಟು ಬೇಗ ಬದಲಾಗುತ್ತದೆ ಅನ್ನುವುದನ್ನು, ಫಸ್ಟ್ ಪ್ರಿನ್ಸಿಪಲ್‌ನಿಂದ, ಅಂದರೆ ಮೂಲ ಸೂತ್ರದಿಂದಲೇ ಕಂಡುಹಿಡಿ ಅಂತ ಕೊಟ್ಟಳು. ಪರೀಕ್ಷೆಗೆ ಓದಿದವರಿಗೆಲ್ಲ ಗೊತ್ತಿರುವ ಲೆಕ್ಕ. ಮಗಳು ಸೂತ್ರ ಸರಿಯಾಗಿ ಬರೆದಳು. ಎರಡನೇ ಸಾಲಿನಲ್ಲಿ ಒಂದು ಬೈ ಎಕ್ಸ್ ಪ್ಲಸ್ ಎಚ್ ಇತ್ತು, ಎಕ್ಸೂ ಎಚ್ಚೂ ಎರಡೂ ಕೆಳಗೆ, ಛೇದದಲ್ಲಿ; ಅದರಿಂದ ಒಂದು ಬೈ ಎಕ್ಸ್ ಕಳೆಯಬೇಕಿತ್ತು. ಅದನ್ನು ಒಂದು ಬೈ ಎಕ್ಸ್ ಪ್ಲಸ್ ಒಂದು ಬೈ ಎಚ್ ಅಂತ ಒಡೆದಳು. ಒಂದು ಬೈ ಎಕ್ಸ್ ಹೊಡೆದುಹೋಯಿತು. ಉಳಿದದ್ದು ಒಂದು ಬೈ ಎಚ್. ಅದನ್ನು ಮತ್ತೆ ಎಚ್‌ನಿಂದ ಭಾಗಿಸಿದಳು. ಎಚ್ ಸೊನ್ನೆ ಹತ್ತಿರ ಹೋದರೆ? ಇನ್‌ಫಿನಿಟಿ. ಬರೆದು ಸುತ್ತ ಚೌಕ ಹಾಕಿದಳು. ಇಷ್ಟೂ ಹೊತ್ತು ಆ ಹುಡುಗಿ ಒಂದು ಮಾತಾಡಲಿಲ್ಲ. ಎರಡನೇ ಸಾಲಿನಲ್ಲೇ ಅವಳಿಗೆ ತಪ್ಪು ಕಂಡಿರುತ್ತದೆ. ಆದರೂ ಕೊನೆವರೆಗೂ ಹೋಗಲು ಬಿಟ್ಟಳು.

"ಉತ್ತರ ಸರಿ ಅನ್ಸುತ್ತಾ ನಿಂಗೆ?"

"ಗೊತ್ತಿಲ್ಲ ಅಕ್ಕ. ಕ್ಯಾಲ್ಕುಲಸ್‌ನಲ್ಲಿ ಹಂಗೆಲ್ಲ ಬರತ್ತಲ್ವಾ."

ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಲೆಕ್ಕ ಅಂದರೆ ಆಟ ಅಂದುಕೊಂಡಿದ್ದ ಮಗು, ಈಗ ಏನು ಬಂದರೂ ಒಪ್ಪಿಕೊಳ್ಳುವ ಹಂತಕ್ಕೆ ಬಂದಿದ್ದಳು. ಸರಿ ತಪ್ಪು ನೋಡುವ ಧೈರ್ಯವೇ ಹೋಗಿತ್ತು.

ಹುಡುಗಿ ಪೆನ್ಸಿಲ್ ತೆಗೆದುಕೊಂಡು ಎರಡನೇ ಸಾಲಿನ ಪಕ್ಕ ಒಂದು ಸಣ್ಣ ಬಾಣ ಹಾಕಿ "ಇಲ್ಲಿ" ಅಂತ ಬರೆದಳು. ಅಡ್ಡಗೆರೆ ಎಳೆಯಲಿಲ್ಲ, ಕೆಂಪು ಇಂಕಿಲ್ಲ. "ಎಕ್ಸ್ ಎರಡು ಅನ್ಕೋ. ಎಚ್ಚೂ ಎರಡು. ಎಡಗಡೆ ಎಷ್ಟಾಯ್ತು?" "ಒಂದು ಬೈ ನಾಲ್ಕು." "ಅಂದ್ರೆ ಕಾಲು. ಬಲಗಡೆ?" "ಅರ್ಧ ಪ್ಲಸ್ ಅರ್ಧ... ಒಂದು." "ಕಾಲು ರೂಪಾಯಿ, ಒಂದು ರೂಪಾಯಿ ಎರಡೂ ಒಂದೇನಾ?" ಮಗಳು ಸುಮ್ಮನಾದಳು. ಆಮೇಲೆ ಹುಡುಗಿ ಕೇಳಿದ ಪ್ರಶ್ನೆ ಮುಖ್ಯ. "ಭಿನ್ನರಾಶಿ ಕಳೆಯೋ ಲೆಕ್ಕ ಮಾಡ್ತಿದ್ರಲ್ಲ ಸ್ಕೂಲಲ್ಲಿ, ಛೇದ ಬೇರೆ ಬೇರೆ ಇದ್ರೆ ಏನ್ ಮಾಡ್ತಿದ್ದೆ?" ಮಗಳು ತಲೆ ಎತ್ತಿದಳು. "ಲಸಾಅ ತಗೋತಿದ್ವಿ." "ಹಂಗೇ ಮಾಡು."

ಭಿನ್ನರಾಶಿ, ಛೇದ, ಲಸಾಅ. ಆ ಮೂರು ಶಬ್ದ ಕಿವಿಗೆ ಬಿದ್ದದ್ದೇ ತಡ, ಅವಳ ಕೈ ತಾನಾಗಿ ಓಡಿತು. ಮೇಲೆ ಮೈನಸ್ ಎಚ್ ಉಳಿಯಿತು, ಕೆಳಗಿನ ಎಚ್ ಹೊಡೆಯಿತು, ಎಚ್ ಸೊನ್ನೆ ಮಾಡಿದರೆ ಮೈನಸ್ ಒಂದು ಬೈ ಎಕ್ಸ್ ಸ್ಕ್ವೇರ್. ಐದೇ ಸಾಲು. ಅಂದರೆ ಅವಳಿಗೆ ಭಿನ್ನರಾಶಿ ಬರುತ್ತಿತ್ತು! ಚೆನ್ನಾಗಿಯೇ ಬರುತ್ತಿತ್ತು. ಅದು ಕನ್ನಡದ ಕೋಣೆಯಲ್ಲಿತ್ತು. ಎಕ್ಸು, ಎಚ್ಚು, ಡಿನಾಮಿನೇಟರು ಇದ್ದ ಇಂಗ್ಲಿಷ್ ಕೋಣೆಗೆ ಬರುವಾಗ ಅದನ್ನು ಎತ್ತಿಕೊಂಡು ಬರಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಎರಡು ಕೋಣೆಯ ಮಧ್ಯೆ ಬಾಗಿಲು ಇದೆ ಅಂತ ತೋರಿಸಿದ್ದು ಆ ಹುಡುಗಿ. ಅವಳೂ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು. ಆ ಬಾಗಿಲು ದಾಟಿ ಬಂದವಳು.

ಆವತ್ತು ಉಳಿದ ಅರ್ಧ ಗಂಟೆ ಗ್ರಾಫ್ ಹಾಳೆ. ವೈ ಈಕ್ವಲ್ಸ್ ಎಕ್ಸ್ ಸ್ಕ್ವೇರ್ ಬರೆಸಿದಳು. ಒಂದಕ್ಕೆ ಒಂದು, ಎರಡಕ್ಕೆ ನಾಲ್ಕು. ಆ ಎರಡು ಚುಕ್ಕೆಯ ಮೇಲೆ ಸ್ಕೇಲ್ ಇಡು, ಎಷ್ಟು ಏರು? ಮೂರು. ಈಗ ಎರಡನೇ ಚುಕ್ಕೆಯನ್ನು ಒಂದೂವರೆಗೆ ತಾ. ಎರಡೂವರೆ. 1.1ಕ್ಕೆ ತಾ. 2.1. ಇನ್ನೂ ಹತ್ತಿರ, 1.01. ಮಗಳು ಲೆಕ್ಕ ಹಾಕಿ 2.01 ಅಂದಳು. ಸ್ಕೇಲ್ ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಬಾಗುತ್ತಾ ಬಂದು, ಕೊನೆಗೆ ಗೆರೆಯನ್ನು ಮುಟ್ಟಿಕೊಂಡು ನಿಂತಿತು. "ಎಲ್ಲಿಗೆ ಹೋಗ್ತಾ ಇದೆ?" "ಎರಡಕ್ಕೆ." "ಅದೇ ಡೀವೈ ಬೈ ಡೀಎಕ್ಸ್, ಅದೇ ಡೆರಿವೇಟಿವ್." ಎಕ್ಸ್ ಸ್ಕ್ವೇರ್‌ನ ಡೆರಿವೇಟಿವ್ ಎರಡು ಎಕ್ಸ್ ಅಂತ ಬಾಯಿಪಾಠ ಹೇಳುತ್ತಿದ್ದವಳು ಸ್ಕೇಲನ್ನು ಮತ್ತೆ ಮತ್ತೆ ಇಟ್ಟು ನೋಡುತ್ತಿದ್ದಳು.

ಲಿಮಿಟ್ ಅನ್ನುವ ಬೋರ್ಡು

ಇನ್ನೊಂದು ದಿನದ ಮಾತು. ಲಿಮಿಟ್ ಅಂದರೆ ಏನು ಅಂತ ಹುಡುಗಿ ಕೇಳಿದಳು. ಮಗಳು, "ಅದನ್ನ ದಾಟಬಾರದು" ಅಂದಳು. ಎಲ್ಲಿಂದ ಬಂತು ಅದು? ಬೆಂಗಳೂರು ಹೆದ್ದಾರಿಯ ಬೋರ್ಡಿನಿಂದ. ಸ್ಪೀಡ್ ಲಿಮಿಟ್ 100. ಆ ಶಬ್ದವನ್ನು ಅವಳು ಜೀವನದಲ್ಲಿ ಕೇಳಿದ್ದೇ ಆ ಅರ್ಥದಲ್ಲಿ. ಮನೆಯಲ್ಲೂ ನಾವು "ಲಿಮಿಟ್‌ನಲ್ಲಿ ಇರು" ಅಂತಲೇ ಹೇಳುವುದು. ಹಾಗಾಗಿ ಗಣಿತದ ಲಿಮಿಟ್ ಕೂಡ ಒಂದು ಬೇಲಿ ಅಂತ ಆ ಪಾಠ ಶುರುವಾದಾಗಿನಿಂದ ನಂಬಿಕೊಂಡಿದ್ದಳು. ಪಾಠದಲ್ಲಿ ಬೇಲಿ ದಾಟಿ ಆಚೆಗೂ ಈಚೆಗೂ ಹೋಗುವ ಲೆಕ್ಕ ಬಂದಾಗೆಲ್ಲ ಎಲ್ಲವೂ ಕಲಸಿಹೋಗುತ್ತಿತ್ತು. ಹುಡುಗಿ ಉಯ್ಯಾಲೆಯ ಉದಾಹರಣೆ ಕೊಟ್ಟಳು. ತೂಗಿ ಬಿಟ್ಟ ಖಾಲಿ ಉಯ್ಯಾಲೆ ನಡುವನ್ನು ಎಷ್ಟು ಸಲ ದಾಟುತ್ತದೆ! ಆ ಕಡೆ, ಈ ಕಡೆ. ಆದರೆ ಅದು ಹೋಗಿ ಸೇರುವುದು ನಡುವಿಗೇ. "ಬೇಲಿ ಅಲ್ಲ ಕಣೆ, ಅದು ಊರು. ಯಾವ ಊರಿನ ಕಡೆ ಹೋಗ್ತಾ ಇದೆ ಅಂತ ಕೇಳೋದು." ಇಷ್ಟು ಚಿಕ್ಕ ವಿಷಯ. ಯಾರಾದರೂ "ನಿನಗೆ ಲಿಮಿಟ್ ಅಂದ್ರೆ ಏನು?" ಅಂತ ಕೇಳಿ, ಉತ್ತರ ಬರುವವರೆಗೆ ಕಾದಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು. ಯೂಟ್ಯೂಬಿನಲ್ಲಿ ಲಿಮಿಟ್ ಬಗ್ಗೆ ಎಷ್ಟು ಒಳ್ಳೆಯ ಪಾಠ ಬೇಕಾದರೂ ಸಿಗುತ್ತದೆ, ಸುಮ್ನೆ ಹೇಳುತ್ತಿಲ್ಲ, ನಾವೂ ನೋಡಿದ್ದೇವೆ. ಆದರೆ ಮಗುವಿನ ತಲೆಯಲ್ಲಿ ಆಗಲೇ ಕೂತಿರುವ ಬೋರ್ಡು ಯಾವುದು ಅಂತ ವಿಡಿಯೊ ಕೇಳುವುದಿಲ್ಲ.

ಅದೇ ಹೆದ್ದಾರಿಯನ್ನು ಹುಡುಗಿ ಆಮೇಲೂ ಬಿಡಲಿಲ್ಲ. ಬೆಂಗಳೂರಿಗೆ 118 ಕಿಲೋಮೀಟರ್ ರಸ್ತೆ, ಎರಡು ಗಂಟೆಯಲ್ಲಿ ಹೋದರೆ ಗಂಟೆಗೆ 59. ಆದರೆ ರಸ್ತೆ ಪಕ್ಕದ ಕ್ಯಾಮೆರಾಗೆ ನಿನ್ನ 59 ಬೇಕಿಲ್ಲ, ಅದರ ಮುಂದೆ ಹೋದ ಆ ಗಳಿಗೆಯಲ್ಲಿ ಎಷ್ಟಿತ್ತು ಅನ್ನುವುದು ಬೇಕು. ಆ ಗಳಿಗೆಯ ವೇಗವೇ ಡೆರಿವೇಟಿವ್. ಹಾಗೇ ಮಾತು ಬಂದು, ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯಲ್ಲಿ ಗ್ರಹಗಳ ತಾತ್ಕಾಲಿಕ ಗತಿ ಅನ್ನುವ ಮಾತು ಬರುತ್ತದೆ ಅಂತ ಹೇಳಿದಳು. ತಾತ್ಕಾಲಿಕ ಅಂದರೆ ನಮಗೆ ಈಗ ಸ್ವಲ್ಪ ದಿನದ ಮಟ್ಟಿಗೆ ಇರುವಂಥದ್ದು. ಅವರು ಹೇಳಿದ್ದು ಆ ಕ್ಷಣದ್ದು ಅನ್ನುವ ಅರ್ಥದಲ್ಲಿ. "ತತ್ಕಾಲ್ ಟಿಕೆಟ್ ಇದ್ದಂಗಾ?" ಅಂತ ಮಗಳು ಕೇಳಿ ಇಬ್ಬರೂ ನಕ್ಕರು. ನಡುಮನೆಯಲ್ಲಿ ಗಣಿತದ ಪುಸ್ತಕ ತೆರೆದಿರುವಾಗ ನಗು ಕೇಳಿದ್ದು ಆ ವರ್ಷ ಅದೇ ಮೊದಲು.

ಇಂಟಿಗ್ರೇಶನ್‌ಗೆ, ಅಂದರೆ ಡೆರಿವೇಟಿವ್‌ನ ಉಲ್ಟಾ ಲೆಕ್ಕಕ್ಕೆ ಬಂದಾಗ ಮಗಳೇ ಪ್ರಶ್ನೆ ಕೇಳಲು ಶುರು ಮಾಡಿದ್ದಳು. "ಎಲ್ಲ ಉತ್ತರಕ್ಕೂ ಕೊನೇಲಿ ಪ್ಲಸ್ ಸಿ ಯಾಕಕ್ಕ? ಬರೀದಿದ್ರೆ ಒಂದು ಮಾರ್ಕ್ ಕಟ್ ಮಾಡ್ತಾರೆ ಅಂತಷ್ಟೇ ಗೊತ್ತು." ಹುಡುಗಿ ಮತ್ತೆ ರಸ್ತೆಗೆ ಹೋದಳು. ಕಾರಿನ ಸ್ಪೀಡು ಪ್ರತಿ ಗಳಿಗೆ ಎಷ್ಟಿತ್ತು ಅಂತ ಪೂರ್ತಿ ಬರೆದುಕೊಂಡಿದ್ದೀಯ ಅಂದುಕೋ. ಅದನ್ನೆಲ್ಲ ಕೂಡಿಸಿದರೆ ಎಷ್ಟು ದೂರ ಬಂದೆ ಅಂತ ಹೇಳಬಹುದು. ಆದರೆ ಈಗ ಎಲ್ಲಿದ್ದೀಯ ಅಂತ ಹೇಳೋಕಾಗತ್ತಾ? ಮೈಸೂರಿಂದ ಹೊರಟಿದ್ದೋ ಮಂಡ್ಯದಿಂದ ಹೊರಟಿದ್ದೋ ಗೊತ್ತಾಗಬೇಕಲ್ವಾ? ಹೊರಟ ಊರೇ ಪ್ಲಸ್ ಸಿ. ಇದನ್ನು ಕೇಳಿದ ಮೇಲೆ ನಾನು ಕೂಡ ಪ್ಲಸ್ ಸಿ ಮರೆಯುವುದಿಲ್ಲ.

300 ರೂಪಾಯಿ

ಹನ್ನೆರಡು ವಾರ ಬಂದಳು. ಹಬ್ಬಕ್ಕೆ ಊರಿಗೆ ಹೋದ ದಿನ ಬಿಟ್ಟರೆ ತಪ್ಪಿಸಲಿಲ್ಲ. ಒಟ್ಟು ಹತ್ತು ಸಾವಿರದ ಆಸುಪಾಸು ಕೊಟ್ಟೆವು. ನಿಜ ಹೇಳಬೇಕೆಂದರೆ ಅದು ಕಡಿಮೆ. ಒಂದು ಗಂಟೆ ಪೂರ್ತಿ ಇನ್ನೊಬ್ಬರ ಕೈಯನ್ನೇ ನೋಡುತ್ತಾ, ಮಾತಾಡಬೇಕು ಅನಿಸಿದಾಗ ತಡೆದುಕೊಂಡು ಕೂರುವುದು ಎಷ್ಟು ದಣಿವಿನ ಕೆಲಸ ಅಂತ ನನಗೆ ಗೊತ್ತು. ಮೈಕ್ರೋಸ್ಕೋಪಿನ ಮುಂದೆ ಒಂದು ಗಂಟೆ ಕೂತು ಎದ್ದರೆ ಕತ್ತು ಹಿಡಿದುಕೊಂಡಿರುತ್ತದೆ. ಹೇಳಿಕೊಡುವುದಕ್ಕೆ ಬಾಯಿ ಬೇಕು, ಇದಕ್ಕೆ ಕಣ್ಣು ಬೇಕು. ಟ್ಯೂಷನ್ ಹುಡುಕುವಾಗ ನಾವು ಕೇಳುವುದೆಲ್ಲ ಬಾಯಿಯ ವಿಷಯ. ಹೇಗೆ ಪಾಠ ಮಾಡುತ್ತಾರೆ, ಪೋರ್ಷನ್ ಯಾವಾಗ ಮುಗಿಸುತ್ತಾರೆ, ಹೋದ ವರ್ಷ ಎಷ್ಟು ಜನಕ್ಕೆ ನೂರಕ್ಕೆ ನೂರು ಬಂತು. ನಾನೂ ಅದನ್ನೇ ಕೇಳಿಕೊಂಡು ತಿರುಗಿದೆ. ಮಗುವಿನ ಪುಸ್ತಕ ತೆರೆದು ನೋಡುತ್ತೀರಾ, ಯಾವಾಗ ನೋಡುತ್ತೀರಾ ಅಂತ ಒಬ್ಬರನ್ನೂ ಕೇಳಲಿಲ್ಲ. ಆ ವರ್ಷ ಮಗಳು ಹೋಗುತ್ತಿದ್ದ ಯಾವ ಕ್ಲಾಸಿನಲ್ಲೂ ನಾನು ಆ ಪ್ರಶ್ನೆ ಎತ್ತಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರ.

ಒಂದು ಸಂಜೆ ಕಾಫಿ ಕೊಡುವಾಗ ಕೇಳಿದೆ, "ನಿನಗೆ ಯಾರು ಹೇಳಿಕೊಟ್ಟರಮ್ಮ ಹೀಗೆ?" ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಫಸ್ಟ್ ಪಿಯುನಲ್ಲಿ ಅವಳೂ ಫೇಲಾಗಿದ್ದಳಂತೆ, ಗಣಿತದಲ್ಲೇ. ಹಾಸ್ಟೆಲಿನಲ್ಲಿ ಒಬ್ಬ ಸೀನಿಯರ್ ಅಕ್ಕ ಇದ್ದಳಂತೆ. ರಾತ್ರಿ ಊಟ ಆಗಿ ಮೆಸ್ಸಿನ ಟೇಬಲ್ ಒರೆಸಿದ ಮೇಲೆ ಅಲ್ಲೇ ಕೂರಿಸಿಕೊಂಡು, "ಮಾಡು, ನೋಡ್ತೀನಿ" ಅನ್ನುತ್ತಿದ್ದಳಂತೆ. "ಅವ್ರೂ ಹಿಂಗೇ ಬಾಣ ಹಾಕ್ತಿದ್ರು ಆಂಟಿ." ಆ ಸೀನಿಯರ್‌ಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ. ನಮ್ಮ ಮನೆಗೆ 300 ರೂಪಾಯಿಗೆ ಬಂದದ್ದು ಆ ಮೆಸ್ಸಿನ ಟೇಬಲ್ಲಿನಿಂದ ಬಂದ ವಿದ್ಯೆ. ಆ 300 ಕೂಡ ಇಲ್ಲದ ಮನೆಗಳು ನಮ್ಮ ಬೀದಿಯಲ್ಲೇ ಇವೆ. ನನ್ನ ಮಗಳ ಜೊತೆ ಅದೇ ಸರ್ಕಾರಿ ಶಾಲೆಯಲ್ಲಿ ಓದಿ, ಪಿಯುನಲ್ಲಿ ಸೈನ್ಸ್ ಸೇರಿ, ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಇವತ್ತೂ ಬಸ್‌ಸ್ಟಾಪಿನಲ್ಲಿ ನನಗೆ ಸಿಗುತ್ತಾಳೆ. ಲೆಕ್ಕದಲ್ಲಿ ಅವಳು ನನ್ನ ಮಗಳಿಗಿಂತ ಚುರುಕಾಗಿದ್ದಳು. ಅವಳ ತಪ್ಪು ಎಷ್ಟನೇ ಸಾಲಿನಲ್ಲಿತ್ತೋ, ಯಾರೂ ನೋಡಲಿಲ್ಲ.

ಮಾರ್ಚ್ ಪರೀಕ್ಷೆಯಲ್ಲಿ ಮಗಳಿಗೆ 80ಕ್ಕೆ 61 ಬಂತು. ನೂರಕ್ಕೆ ನೂರಲ್ಲ. ಈಗ ಬಿ.ಎಸ್ಸಿ. ಓದುತ್ತಿದ್ದಾಳೆ, ಗಣಿತ ಬಿಟ್ಟಿಲ್ಲ.

ಹೋದ ತಿಂಗಳು ಹಳೇ ಪೇಪರಿನವನು ಬಂದಾಗ ಪಿಯು ಪುಸ್ತಕಗಳನ್ನೆಲ್ಲ ಗಂಟು ಕಟ್ಟಿದೆ. ನಾಲ್ಕು ಬಣ್ಣದ ನೋಟ್ಸ್ ಹೋಯಿತು. ಮಗಳು ಗಂಟಿನಿಂದ ಒಂದನ್ನು ಮಾತ್ರ ಎಳೆದು ತೆಗೆದಿಟ್ಟುಕೊಂಡಳು. ರಟ್ಟು ಕಿತ್ತುಹೋದ 200 ಪುಟದ ರಫ್ ಬುಕ್. ಮೊನ್ನೆ ಮೇಲ್ಮನೆಯವರು ಕೇಳಿ ಹೋದ ಮೇಲೆ ಅದನ್ನು ತೆಗೆದು ನೋಡಿದೆ. ಮೊದಲ ಪುಟಗಳಲ್ಲಿ ಪುಟಕ್ಕೆ ಮೂರು ನಾಲ್ಕು ಬಾಣ, ಪಕ್ಕದಲ್ಲಿ ಆ ಹುಡುಗಿಯ ಉರುಟು ಅಕ್ಷರದಲ್ಲಿ "ಇಲ್ಲಿ". ಕೊನೆಯ ಪುಟ ಪರೀಕ್ಷೆಗೆ ಎರಡು ದಿನ ಮುಂಚಿನದು. ಆಗ ಪಾಠ ಮುಗಿದು, ಹುಡುಗಿ ಬರುವುದು ನಿಂತಿತ್ತು. ಇಂಟಿಗ್ರೇಶನ್ ಬೈ ಪಾರ್ಟ್ಸ್ ಲೆಕ್ಕ. ಮೂರನೇ ಸಾಲಿನಲ್ಲಿ ಮೈನಸ್ ಇರಬೇಕಾದ ಕಡೆ ಪ್ಲಸ್. ಪಕ್ಕದಲ್ಲಿ ಒಂದು ಬಾಣ, "ಇಲ್ಲಿ" ಅಂತ. ಆ ಅಕ್ಷರ ನನ್ನ ಮಗಳದು.